ಜಾರ್ಜಿಯಾದ ನೆಲದಲ್ಲಿ ರಷ್ಯಾ–ಪಶ್ಚಿಮ ಪೈಪೋಟಿ: ಅಬ್ಖಾಜಿಯಾ, ದಕ್ಷಿಣ ಒಸೆಟಿಯಾ ಮತ್ತು 2008ರ ಯುದ್ಧ

ಜಾರ್ಜಿಯಾ ಕಪ್ಪುಸಮುದ್ರದ ಪೂರ್ವ ದಂಡೆಯಲ್ಲಿ, ಕಾಕಸಸ್ ಪರ್ವತಸಾಲಿನ ದಕ್ಷಿಣಕ್ಕಿರುವ ಗಣರಾಜ್ಯ. ವಿಸ್ತೀರ್ಣ ಸುಮಾರು 69,700 ಚದರ ಕಿ.ಮೀ., ರಾಜಧಾನಿ ಟ್ಬಿಲಿಸಿ. ಅದರ ವಾಯವ್ಯ ಮೂಲೆಯಲ್ಲಿರುವ ಅಬ್ಖಾಜಿಯಾ ಮತ್ತು ಉತ್ತರದ ನಡುಭಾಗದಲ್ಲಿರುವ ದಕ್ಷಿಣ ಒಸೆಟಿಯಾ 1990ರ ದಶಕದ ಆರಂಭದಿಂದಲೂ ಬಹುಮಟ್ಟಿಗೆ ಟ್ಬಿಲಿಸಿಯ ಹಿಡಿತದಲ್ಲಿಲ್ಲ. ಇವೆರಡೂ ಸೇರಿ ದೇಶದ ಐದನೆಯ ಒಂದು ಭಾಗದಷ್ಟಾಗುತ್ತವೆ. ಜಾರ್ಜಿಯನ್ನರು, ಅಬ್ಖಾಜರು ಮತ್ತು ಒಸೆಟಿಯನ್ನರ ನಡುವೆ ಹುಟ್ಟಿದ ಸ್ಥಳೀಯ ವಿವಾದ ಇಲ್ಲಿ ಎರಡು ದಶಕಗಳೊಳಗೆ ರಷ್ಯಾ ಒಂದು ಕಡೆ, ಅಮೆರಿಕ, ನ್ಯಾಟೋ ಮತ್ತು ಯುರೋಪಿಯನ್ ಒಕ್ಕೂಟ ಇನ್ನೊಂದು ಕಡೆ ನಿಂತ ಪೈಪೋಟಿಯಾಗಿ ಬೆಳೆಯಿತು. 2008ರ ಆಗಸ್ಟ್‌ನಲ್ಲಿ ಐದು ದಿನಗಳ ಯುದ್ಧವೇ ನಡೆಯಿತು. ಉಕ್ರೇನ್‌ನಲ್ಲಿ 2014ರಲ್ಲೂ 2022ರಲ್ಲೂ ನಡೆದದ್ದನ್ನು ಅರಿಯಬೇಕಾದರೆ ಈ ಪುಟ್ಟ ಯುದ್ಧದಿಂದ ಆರಂಭಿಸುವುದೇ ಸರಿ.

ಹಳೆಯ ಬೇರುಗಳು

ಜಾರ್ಜಿಯನ್, ಅಬ್ಖಾಜ್, ಒಸೆಟಿಯನ್ ಭಾಷೆಗಳಿಗೆ ಪರಸ್ಪರ ನಂಟಿಲ್ಲ. ಒಸೆಟಿಯನ್ ಇರಾನಿ ಶಾಖೆಗೆ ಸೇರಿದ್ದು. ಅಬ್ಖಾಜ್ ವಾಯವ್ಯ ಕಾಕಸಸ್‌ನ ಕುಟುಂಬದ್ದು. ಜಾರ್ಜಿಯನ್‌ನದು ಇವೆರಡಕ್ಕೂ ಹೊರತಾದ ಮತ್ತೊಂದು ಕುಟುಂಬ. ಭಾಷೆ ಬೇರೆಯಾದರೂ ಈ ಜನ ಶತಮಾನಗಳ ಕಾಲ ಅಕ್ಕಪಕ್ಕದ ಊರುಗಳಲ್ಲಿ ಬಾಳಿದವರು. ಒಬ್ಬರ ಮನೆಯ ಮಗಳು ಇನ್ನೊಬ್ಬರ ಮನೆಯ ಸೊಸೆಯಾಗಿ ಹೋಗುವುದು ಇಲ್ಲಿ ಮಾಮೂಲಾಗಿತ್ತು.

ಪರ್ಷಿಯಾ ಮತ್ತು ತುರ್ಕಿಯ ನಡುವೆ ಸಿಕ್ಕಿ ನಲುಗುತ್ತಿದ್ದ ಪೂರ್ವ ಜಾರ್ಜಿಯಾದ ದೊರೆ ಎರಡನೆಯ ಎರೆಕ್ಲೆ 1783ರ ಗಿಯೋರ್ಗಿಯೆವ್ಸ್ಕ್ ಒಪ್ಪಂದದ ಮೂಲಕ ರಷ್ಯಾದ ರಕ್ಷಣೆ ಪಡೆದ. 1795ರಲ್ಲಿ ಪರ್ಷಿಯಾದ ಆಗಾ ಮಹಮ್ಮದ್ ಖಾನ್ ಟ್ಬಿಲಿಸಿಯನ್ನು ಸುಟ್ಟು ಲೂಟಿ ಮಾಡಿದಾಗ ರಷ್ಯಾದ ಪಡೆ ಅಲ್ಲಿರಲಿಲ್ಲ. 1801ರಲ್ಲಿ ರಷ್ಯಾ ಆ ರಾಜ್ಯವನ್ನೇ ತನ್ನೊಳಗೆ ಸೇರಿಸಿಕೊಂಡಿತು. ಬ್ರಿಟನ್ ಮತ್ತು ಫ್ರಾನ್ಸ್ ತುರ್ಕಿಯ ಜೊತೆಗೂಡಿ ರಷ್ಯಾದ ಮೇಲೆ ಹೂಡಿದ ಕ್ರಿಮಿಯಾ ಯುದ್ಧ ಈ ದಂಡೆಯನ್ನೂ ಮುಟ್ಟಿತು. 1855ರಲ್ಲಿ ತುರ್ಕಿಯ ಸೇನಾನಿ ಒಮರ್ ಪಾಷಾ ಸುಖುಮಿಯಲ್ಲಿ ಪಡೆ ಇಳಿಸಿ, ಎಂಗುರಿ ನದಿಯ ದಡದಲ್ಲಿ ರಷ್ಯಾದ ಪರ ಹೋರಾಡುತ್ತಿದ್ದ ಸೈನ್ಯವನ್ನು ಸೋಲಿಸಿದ. ಇಂದು ಅಬ್ಖಾಜಿಯಾವನ್ನು ಉಳಿದ ಜಾರ್ಜಿಯಾದಿಂದ ಬೇರ್ಪಡಿಸುವ ಗೆರೆಯೂ ಬಹುಪಾಲು ಅದೇ ನದಿಯ ಗುಂಟ ಹೋಗುತ್ತದೆ.

ರಷ್ಯಾದ ವಿರುದ್ಧ ದಂಗೆಯೆದ್ದ ಅಬ್ಖಾಜರಲ್ಲಿ ಸಾವಿರಾರು ಮಂದಿ 19ನೆಯ ಶತಮಾನದ ಉತ್ತರಾರ್ಧದಲ್ಲಿ ತುರ್ಕಿಗೆ ವಲಸೆ ಹೋಗಬೇಕಾಯಿತು. ಅವರು ಬಿಟ್ಟುಹೋದ ಹೊಲ, ತೋಟಗಳಲ್ಲಿ ಜಾರ್ಜಿಯನ್ನರು, ಅರ್ಮೇನಿಯನ್ನರು, ರಷ್ಯನ್ನರು ನೆಲೆಯೂರಿದರು. ಅಬ್ಖಾಜರು ತಮ್ಮ ನೆಲದಲ್ಲೇ ಅಲ್ಪಸಂಖ್ಯಾತರಾದದ್ದು ಹೀಗೆ. 1989ರ ಜನಗಣತಿಯಲ್ಲಿ ಅಬ್ಖಾಜಿಯಾದ ಸುಮಾರು 5.25 ಲಕ್ಷ ಜನರಲ್ಲಿ ಜಾರ್ಜಿಯನ್ನರು ಶೇ. 45ಕ್ಕೂ ಹೆಚ್ಚು, ಅಬ್ಖಾಜರು ಶೇ. 18ರಷ್ಟು ಮಾತ್ರ. ಈ ಲೆಕ್ಕವನ್ನು ಮರೆತು ಅಬ್ಖಾಜರ ಭಯವನ್ನು ತೂಗಿದರೆ ಅನ್ಯಾಯವಾಗುತ್ತದೆ. ಜಾರ್ಜಿಯನ್ನರ ಕೋಪಕ್ಕೂ ಇದೇ ಲೆಕ್ಕ ಆಧಾರ: ಐದನೆಯ ಒಂದು ಪಾಲಿಗಿಂತ ಕಡಿಮೆ ಇರುವವರು ಇಡೀ ಪ್ರದೇಶವನ್ನು ತಮ್ಮದೆನ್ನುವುದು ಹೇಗೆ ಎಂಬುದು ಅವರ ಪ್ರಶ್ನೆ.

1918ರ ಮೇ 26ರಂದು ಜಾರ್ಜಿಯಾ ಸ್ವತಂತ್ರವಾಯಿತು. ಮೊದಲು ಜರ್ಮನಿಯ ಪಡೆ ಬಂತು, ಅದು ಹೋದ ಮೇಲೆ ಬ್ರಿಟಿಷ್ ಪಡೆ ಬಂದು 1920ರ ತನಕ ಬಟೂಮಿಯಲ್ಲಿತ್ತು. 1921ರ ಜನವರಿ 27ರಂದು ಮಿತ್ರರಾಷ್ಟ್ರಗಳ ಉನ್ನತ ಮಂಡಳಿ ಜಾರ್ಜಿಯಾಕ್ಕೆ ಪೂರ್ಣ ಕಾನೂನುಬದ್ಧ ಮಾನ್ಯತೆ ಕೊಟ್ಟಿತು. ಫೆಬ್ರವರಿ 25ರಂದು ಕೆಂಪುಸೇನೆ ಟ್ಬಿಲಿಸಿಯನ್ನು ಹೊಕ್ಕಿತು. ಮಾನ್ಯತೆ ಕೊಟ್ಟ ಯಾವ ದೇಶವೂ ನೆರವಿಗೆ ಬರಲಿಲ್ಲ. 1783ರಲ್ಲಿ ರಷ್ಯಾ ಕೊಟ್ಟ ಭರವಸೆಗೂ 1921ರಲ್ಲಿ ಪಶ್ಚಿಮ ಕೊಟ್ಟ ಮಾನ್ಯತೆಗೂ ಗತಿ ಒಂದೇ ಆಯಿತು.

ಸೋವಿಯತ್ ಆಡಳಿತ ದಕ್ಷಿಣ ಒಸೆಟಿಯಾವನ್ನು 1922ರಲ್ಲಿ ಜಾರ್ಜಿಯಾದೊಳಗಿನ ಸ್ವಾಯತ್ತ ಪ್ರಾಂತ್ಯವನ್ನಾಗಿ ಮಾಡಿತು. ಅಬ್ಖಾಜಿಯಾಕ್ಕೆ ಮೊದಲು ಹೆಚ್ಚುಕಡಿಮೆ ಸಮಾನ ಗಣರಾಜ್ಯದ ಸ್ಥಾನವಿತ್ತು. 1931ರಲ್ಲಿ ಅದನ್ನು ಇಳಿಸಿ ಜಾರ್ಜಿಯಾದ ಅಧೀನದ ಸ್ವಾಯತ್ತ ಗಣರಾಜ್ಯವನ್ನಾಗಿಸಲಾಯಿತು. ಆಗ ಮಾಸ್ಕೋದಲ್ಲಿ ಆಳುತ್ತಿದ್ದವನು ಗೋರಿ ಪಟ್ಟಣದಲ್ಲಿ ಹುಟ್ಟಿದ ಜಾರ್ಜಿಯನ್, ಸ್ಟಾಲಿನ್. ಅಬ್ಖಾಜರು ಇದನ್ನು ಇಂದಿಗೂ ನೆನೆಯುತ್ತಾರೆ.

ಒಡೆದ ಮನೆ

1989ರ ಏಪ್ರಿಲ್ 9ರ ಬೆಳಗಿನ ಜಾವ ಟ್ಬಿಲಿಸಿಯ ಸರ್ಕಾರಿ ಭವನದ ಮುಂದೆ ಸೇರಿದ್ದ ಜನರ ಮೇಲೆ ಸೋವಿಯತ್ ಸೈನಿಕರು ಸನಿಕೆ ಮತ್ತು ವಿಷಾನಿಲದೊಂದಿಗೆ ಎರಗಿದರು. ಸತ್ತವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಆ ದಿನದಿಂದ ಜಾರ್ಜಿಯಾ ಸೋವಿಯತ್ ಒಕ್ಕೂಟದಲ್ಲಿ ಉಳಿಯುವ ಮಾತೇ ಮುಗಿಯಿತು. ಆದರೆ ಆ ಹೊತ್ತಿನ ರಾಷ್ಟ್ರೀಯತೆ ಒಳಗಿನ ಅಲ್ಪಸಂಖ್ಯಾತರನ್ನು ಮಾಸ್ಕೋದ ಕೈಗೊಂಬೆಗಳೆಂದು ಬಗೆಯಿತು. ಜ್ವಿಯಾದ್ ಗಮ್ಸಖುರ್ದಿಯಾ ನಾಯಕತ್ವದ ಸಂಸತ್ತು 1990ರ ಡಿಸೆಂಬರ್‌ನಲ್ಲಿ ದಕ್ಷಿಣ ಒಸೆಟಿಯಾದ ಸ್ವಾಯತ್ತತೆಯನ್ನೇ ರದ್ದು ಮಾಡಿತು. ಮುಂದಿನ ತಿಂಗಳೇ ಗುಂಡಿನ ಕಾಳಗ ಶುರುವಾಯಿತು. ಈ ತಪ್ಪು ಟ್ಬಿಲಿಸಿಯದೇ. ಅದನ್ನು ಹೊರಗಿನವರ ತಲೆಗೆ ಕಟ್ಟಲಾಗದು.

1992ರ ಜೂನ್ 24ರ ಸೋಚಿ ಒಪ್ಪಂದ ದಕ್ಷಿಣ ಒಸೆಟಿಯಾದಲ್ಲಿ ಗುಂಡಿನ ಸದ್ದು ನಿಲ್ಲಿಸಿತು. ರಷ್ಯನ್, ಜಾರ್ಜಿಯನ್, ಒಸೆಟಿಯನ್ ತುಕಡಿಗಳ ಜಂಟಿ ಶಾಂತಿಪಾಲನಾ ಪಡೆ ಬಂತು. ಎರಡು ತಿಂಗಳೂ ಕಳೆಯುವ ಮುನ್ನ, ಆಗಸ್ಟ್ 14ರಂದು, ಜಾರ್ಜಿಯಾದ ಪಡೆಗಳು ಅಬ್ಖಾಜಿಯಾ ಪ್ರವೇಶಿಸಿದವು. ಉತ್ತರ ಕಾಕಸಸ್‌ನಿಂದ ಬಂದ ಸ್ವಯಂಸೇವಕರು ಮತ್ತು ರಷ್ಯಾದ ಸೈನ್ಯದ ಕೆಲವು ಭಾಗಗಳು ಅಬ್ಖಾಜರಿಗೆ ಬೆನ್ನಾಗಿ ನಿಂತವು. ಅದೇ ಹೊತ್ತಿಗೆ ಮಾಸ್ಕೋ ಮಧ್ಯಸ್ಥಿಕೆಯನ್ನೂ ವಹಿಸುತ್ತಿತ್ತು. 1993ರ ಸೆಪ್ಟೆಂಬರ್ 27ರಂದು ಅಬ್ಖಾಜಿಯಾದ ರಾಜಧಾನಿ ಸುಖುಮಿ ಬಿತ್ತು. ನಗರದೊಳಗೇ ಇದ್ದ, ಆಗ ಜಾರ್ಜಿಯಾವನ್ನು ಆಳುತ್ತಿದ್ದ ಎಡ್ವರ್ಡ್ ಶೆವರ್ಡ್ನಾಡ್ಜೆ ಕೊನೆಯ ಗಳಿಗೆಯಲ್ಲಿ ಪಾರಾದರು. ಎರಡು ಲಕ್ಷಕ್ಕೂ ಹೆಚ್ಚು ಜಾರ್ಜಿಯನ್ನರು ಮನೆಮಠ ತೊರೆದರು. ಅವರಲ್ಲಿ ಅನೇಕರು ಸ್ವಾನೇತಿಯ ಹಿಮದ ಕಣಿವೆಗಳನ್ನು ಕಾಲ್ನಡಿಗೆಯಲ್ಲಿ ದಾಟಿದರು. ದಾರಿಯಲ್ಲಿ ಚಳಿಗೆ ಸತ್ತವರೂ ಇದ್ದಾರೆ.

ಸೋತ ಜಾರ್ಜಿಯಾ ರಷ್ಯಾ ನೇತೃತ್ವದ ಸ್ವತಂತ್ರ ರಾಷ್ಟ್ರಗಳ ಒಕ್ಕೂಟಕ್ಕೆ ಸೇರಿತು. ರಷ್ಯಾದ ಸೇನಾನೆಲೆಗಳಿಗೂ ಒಪ್ಪಿತು. 1994ರ ಮೇ 14ರ ಮಾಸ್ಕೋ ಒಪ್ಪಂದದಂತೆ ಎಂಗುರಿಯ ಇಕ್ಕೆಲಗಳಲ್ಲಿ ಆ ಒಕ್ಕೂಟದ ಶಾಂತಿಪಾಲನಾ ಪಡೆ ನಿಂತಿತು. ಆ ಪಡೆಯ ಸೈನಿಕರೆಲ್ಲ ರಷ್ಯನ್ನರೇ. ಅವರ ಮೇಲೆ ಕಣ್ಣಿಡಲು ವಿಶ್ವಸಂಸ್ಥೆ ನಿಶ್ಶಸ್ತ್ರ ವೀಕ್ಷಕರ ಸಣ್ಣ ತಂಡವನ್ನು ಮಾತ್ರ ಕಳಿಸಿತು. ಬಾಲ್ಕನ್ ಯುದ್ಧಗಳಲ್ಲಿ ಮುಳುಗಿದ್ದ ಪಶ್ಚಿಮದ ದೇಶಗಳಿಗೆ ಆಗ ಕಾಕಸಸ್‌ಗೆ ಸೈನ್ಯ ಕಳಿಸುವ ಮನಸ್ಸಿರಲಿಲ್ಲ. ವಿವಾದದಲ್ಲಿ ಪಾಲುದಾರನಾದ ದೇಶವನ್ನೇ ಕಾವಲಿಗಿಟ್ಟ ಈ ಏರ್ಪಾಡಿಗೆ ವಾಷಿಂಗ್ಟನ್ ಮತ್ತು ಲಂಡನ್ ಕೂಡ ಭದ್ರತಾ ಮಂಡಳಿಯಲ್ಲಿ ಸಮ್ಮತಿ ಕೊಟ್ಟಿದ್ದವು. ಮುಂದಿನ ಅನಾಹುತದಲ್ಲಿ ಪಶ್ಚಿಮದ ಪಾಲನ್ನು ಇಲ್ಲಿಂದಲೇ ಎಣಿಸಬೇಕು.

ಕೊಳವೆಮಾರ್ಗ, ತರಬೇತಿ, ಪಾಸ್‌ಪೋರ್ಟ್

ಕ್ಯಾಸ್ಪಿಯನ್ ಸಮುದ್ರದ ಎಣ್ಣೆ ಪಶ್ಚಿಮದ ಗಮನವನ್ನು ಇತ್ತ ತಿರುಗಿಸಿತು. ಅಜರ್‌ಬೈಜಾನಿನ ಬಾಕುವಿನಿಂದ ಟ್ಬಿಲಿಸಿ ಮೂಲಕ ತುರ್ಕಿಯ ಜೇಹಾನ್ ಬಂದರಿಗೆ ಹೋಗುವ 1,768 ಕಿ.ಮೀ. ಉದ್ದದ ಕೊಳವೆಮಾರ್ಗ 2006ರಲ್ಲಿ ಪೂರ್ತಿ ಬಳಕೆಗೆ ಬಂತು. ರಷ್ಯಾ ಮತ್ತು ಇರಾನ್ ಎರಡನ್ನೂ ತಪ್ಪಿಸಿ ಹೋಗುವ ದಾರಿ ಅದು. ಅದಕ್ಕೂ ಮುಂಚೆ, 2002ರಲ್ಲಿ, ಪಾನ್ಕಿಸಿ ಕಣಿವೆಯಲ್ಲಿ ಚೆಚೆನ್ ಹೋರಾಟಗಾರರು ಅಡಗಿದ್ದಾರೆಂಬ ಕಾರಣದಿಂದ ಅಮೆರಿಕ 6.4 ಕೋಟಿ ಡಾಲರ್ ವೆಚ್ಚದಲ್ಲಿ ಜಾರ್ಜಿಯಾದ ಸೈನಿಕರಿಗೆ ತರಬೇತಿ ಆರಂಭಿಸಿತ್ತು.

2003ರ ನವೆಂಬರ್‌ನಲ್ಲಿ ಗುಲಾಬಿ ಕ್ರಾಂತಿ ಎಂಬ ಜನಾಂದೋಲನ ಶೆವರ್ಡ್ನಾಡ್ಜೆಯವರನ್ನು ಇಳಿಸಿತು. ಅಮೆರಿಕದಲ್ಲಿ ಕಾನೂನು ಓದಿದ ಮಿಖೇಯಿಲ್ ಸಾಕಾಶ್ವಿಲಿ 2004ರ ಜನವರಿಯಲ್ಲಿ ಅಧ್ಯಕ್ಷರಾಗಿ ಆಯ್ಕೆಯಾದರು. ಲಂಚಕೋರ ಪೊಲೀಸ್ ವ್ಯವಸ್ಥೆಯನ್ನು ಅವರು ಬುಡಸಮೇತ ಬದಲಿಸಿದರು. ಕಳೆದುಕೊಂಡ ಪ್ರದೇಶಗಳನ್ನು ಮರಳಿ ತರುವೆನೆಂಬ ಅವರ ಮಾತಿನಲ್ಲಿ ಆತುರವಿತ್ತು. ದಕ್ಷಿಣ ಒಸೆಟಿಯಾದ ಅಂಚಿನ ಎರ್ಗ್ನೆತಿ ಸಂತೆಯನ್ನು 2004ರಲ್ಲಿ ಮುಚ್ಚಿಸಿದ್ದು ಆ ಆತುರದ ಫಲ. ಅಲ್ಲಿ ಕಳ್ಳಸಾಗಣೆ ನಡೆಯುತ್ತಿದ್ದದ್ದು ನಿಜ. ಆದರೆ ಒಸೆಟಿಯನ್ನರೂ ಜಾರ್ಜಿಯನ್ನರೂ ದಿನವೂ ಭೇಟಿಯಾಗಿ, ಚೌಕಾಸಿ ಮಾಡಿ, ಒಟ್ಟಿಗೆ ಊಟ ಮಾಡುತ್ತಿದ್ದ ಜಾಗವೂ ಅದೇ ಆಗಿತ್ತು. ಸಂತೆ ಮುಚ್ಚಿದ ಕೆಲವೇ ವಾರಗಳಲ್ಲಿ ಅಲ್ಲಿ ಮತ್ತೆ ಗುಂಡು ಹಾರಿತು.

ಮಾಸ್ಕೋ ತನ್ನ ದಾರಿ ಹಿಡಿಯಿತು. 2002ರಿಂದೀಚೆಗೆ ಎರಡೂ ಪ್ರದೇಶಗಳ ಜನರಿಗೆ ರಷ್ಯಾದ ಪಾಸ್‌ಪೋರ್ಟ್‌ಗಳನ್ನು ದೊಡ್ಡ ಪ್ರಮಾಣದಲ್ಲಿ ಹಂಚಲಾಯಿತು. 2008ರ ಹೊತ್ತಿಗೆ ಅಲ್ಲಿನ ಹೆಚ್ಚಿನವರ ಕೈಯಲ್ಲಿ ಅದಿತ್ತು. ಪಿಂಚಣಿಗೂ ಪ್ರಯಾಣಕ್ಕೂ ಬೇರೆ ದಾರಿಯಿಲ್ಲದ ಜನ ಅದನ್ನು ಪಡೆದದ್ದರಲ್ಲಿ ಆಶ್ಚರ್ಯವಿಲ್ಲ. ರಷ್ಯಾಕ್ಕೆ ಮಾತ್ರ ತನ್ನ ಪ್ರಜೆಗಳ ರಕ್ಷಣೆಗೆ ಗಡಿ ದಾಟುವೆನೆನ್ನಲು ಒಂದು ನೆಪ ಸಿಕ್ಕಿತು. 2006ರಲ್ಲಿ ಜಾರ್ಜಿಯಾದ ವೈನ್ ಮತ್ತು ಬೊರ್ಜೋಮಿ ಖನಿಜಜಲದ ಆಮದನ್ನು ರಷ್ಯಾ ನಿಷೇಧಿಸಿತು. ಆ ಶರತ್ಕಾಲದಲ್ಲಿ ನಾಲ್ವರು ರಷ್ಯನ್ ಅಧಿಕಾರಿಗಳನ್ನು ಟ್ಬಿಲಿಸಿ ಬೇಹುಗಾರಿಕೆಯ ಆರೋಪದಲ್ಲಿ ಬಂಧಿಸಿದ್ದಕ್ಕೆ ಪ್ರತಿಯಾಗಿ ರಷ್ಯಾ ಸಾವಿರಾರು ಜಾರ್ಜಿಯನ್ನರನ್ನು ಹಿಡಿದು ಹೊರಹಾಕಿತು. ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2014ರಲ್ಲಿ ಈ ಗಡೀಪಾರು ಕಾನೂನುಬಾಹಿರವೆಂದು ತೀರ್ಪಿತ್ತಿತು.

ಕೊಸೊವೊ ಮತ್ತು ಬುಖಾರೆಸ್ಟ್

2008ರ ಎರಡು ನಿರ್ಧಾರಗಳು ಕಗ್ಗಂಟನ್ನು ಬಿಗಿಗೊಳಿಸಿದವು. ಫೆಬ್ರವರಿ 17ರಂದು ಕೊಸೊವೊ ಸರ್ಬಿಯಾದಿಂದ ಬೇರ್ಪಟ್ಟು ಸ್ವಾತಂತ್ರ್ಯ ಘೋಷಿಸಿತು. ಅಮೆರಿಕವೂ ಯುರೋಪಿನ ಪ್ರಮುಖ ದೇಶಗಳೂ ಕೂಡಲೇ ಮಾನ್ಯತೆ ಕೊಟ್ಟವು. ಇದು ಎಲ್ಲಿಗೂ ಅನ್ವಯಿಸದ ವಿಶೇಷ ಪ್ರಸಂಗ ಎಂದು ಅವು ಹೇಳಿದವು. ರಷ್ಯಾ ಅದನ್ನು ಒಪ್ಪಲಿಲ್ಲ. ಒಂದು ದೇಶದ ಒಪ್ಪಿಗೆಯಿಲ್ಲದೆ ಅದರ ಭಾಗವೊಂದನ್ನು ಬೇರೆ ದೇಶವೆಂದು ಮನ್ನಿಸಿದ ಮೇಲೆ, ಅದೇ ತರ್ಕವನ್ನು ಇನ್ನೊಬ್ಬರು ಬಳಸದಂತೆ ತಡೆಯುವುದು ಕಷ್ಟ. ಇಷ್ಟರಮಟ್ಟಿಗೆ ರಷ್ಯಾದ ಆಕ್ಷೇಪಕ್ಕೆ ತೂಕವಿತ್ತು. ಆದರೆ ಚೆಚೆನ್ಯಾದಲ್ಲಿ ಪ್ರತ್ಯೇಕತೆಯನ್ನು ಎರಡು ಯುದ್ಧಗಳಿಂದ ಹೊಸಕಿಹಾಕಿದ ದೇಶ ಪಕ್ಕದ ಮನೆಯಲ್ಲಿ ಸ್ವಯಂನಿರ್ಣಯದ ಹಕ್ಕಿನ ಪರ ವಾದಿಸಿದ್ದನ್ನೂ ದಾಖಲಿಸಲೇಬೇಕು. ಭಾರತ ಕೊಸೊವೊವನ್ನೂ ಮಾನ್ಯ ಮಾಡಲಿಲ್ಲ, ಅಬ್ಖಾಜಿಯಾ, ದಕ್ಷಿಣ ಒಸೆಟಿಯಾಗಳನ್ನೂ ಮಾನ್ಯ ಮಾಡಲಿಲ್ಲ.

ಏಪ್ರಿಲ್ ಮೊದಲ ವಾರ ರೊಮೇನಿಯಾದ ಬುಖಾರೆಸ್ಟ್‌ನಲ್ಲಿ ನ್ಯಾಟೋ ಶೃಂಗಸಭೆ ಸೇರಿತು. ಜಾರ್ಜಿಯಾ ಮತ್ತು ಉಕ್ರೇನ್‌ಗಳನ್ನು ಸದಸ್ಯತ್ವದ ಸಿದ್ಧತಾ ಯೋಜನೆಗೆ ಸೇರಿಸಿಕೊಳ್ಳಬೇಕೆಂದು ಅಧ್ಯಕ್ಷ ಜಾರ್ಜ್ ಬುಷ್ ಪಟ್ಟು ಹಿಡಿದರು. ಜರ್ಮನಿಯ ಆಂಗೆಲಾ ಮರ್ಕೆಲ್, ಫ್ರಾನ್ಸಿನ ನಿಕೊಲಾ ಸಾರ್ಕೋಝಿ ಒಪ್ಪಲಿಲ್ಲ. ಕೊನೆಗೆ ಸಿದ್ಧತಾ ಯೋಜನೆ ಇಲ್ಲ, ಆದರೆ ಈ ಎರಡು ದೇಶಗಳು ಮುಂದೆ ಸದಸ್ಯರಾಗುತ್ತವೆ ಎಂಬ ಸಾಲನ್ನು ಹೇಳಿಕೆಯಲ್ಲಿ ಸೇರಿಸಲಾಯಿತು. ದಿನಾಂಕವಿಲ್ಲ, ರಕ್ಷಣೆಯ ಖಾತರಿಯಿಲ್ಲ. ಮಾಸ್ಕೋವನ್ನು ಕೆರಳಿಸಲು ಆ ಸಾಲು ಸಾಕಾಯಿತು, ಟ್ಬಿಲಿಸಿಯನ್ನು ಕಾಪಾಡಲು ಸಾಕಾಗಲಿಲ್ಲ. ಇಡೀ ಪೈಪೋಟಿಯಲ್ಲಿ ಪಶ್ಚಿಮ ಮಾಡಿದ ಅತಿ ದೊಡ್ಡ ತಪ್ಪು ಇದೇ.

ಏಪ್ರಿಲ್ 16ರಂದು ಆಗಿನ ರಷ್ಯಾದ ಅಧ್ಯಕ್ಷ ಪುಟಿನ್ ಎರಡೂ ಪ್ರದೇಶಗಳೊಂದಿಗೆ ನೇರ ಅಧಿಕೃತ ಸಂಬಂಧಕ್ಕೆ ಆದೇಶಿಸಿದರು. ಏಪ್ರಿಲ್ 20ರಂದು ಅಬ್ಖಾಜಿಯಾದ ಆಕಾಶದಲ್ಲಿ ಜಾರ್ಜಿಯಾದ ಮಾನವರಹಿತ ವಿಮಾನವೊಂದು ಉರುಳಿತು. ಅದನ್ನು ಹೊಡೆದದ್ದು ರಷ್ಯಾದ ಯುದ್ಧವಿಮಾನವೆಂದು ವಿಶ್ವಸಂಸ್ಥೆಯ ವೀಕ್ಷಕರು ತೀರ್ಮಾನಿಸಿದರು. ಜುಲೈನಲ್ಲಿ ಪರ್ವತದ ಆಚೆ ರಷ್ಯಾ, ಈಚೆ ಅಮೆರಿಕ ಮತ್ತು ಜಾರ್ಜಿಯಾ ಒಂದೇ ಸಮಯಕ್ಕೆ ಸೇನಾ ತಾಲೀಮು ನಡೆಸಿದವು.

ಐದು ದಿನ

ಆಗಸ್ಟ್ ಮೊದಲ ವಾರ ದಕ್ಷಿಣ ಒಸೆಟಿಯಾದ ಊರುಗಳಲ್ಲಿ ಎರಡೂ ಕಡೆಯಿಂದ ಗುಂಡು, ಫಿರಂಗಿ ಹಾರಾಡಿದವು. 7ರ ಸಂಜೆ ಸಾಕಾಶ್ವಿಲಿ ದೂರದರ್ಶನದಲ್ಲಿ ಏಕಪಕ್ಷೀಯ ಕದನವಿರಾಮ ಸಾರಿದರು. ಅಂದೇ ರಾತ್ರಿ 11.35ರ ಸುಮಾರಿಗೆ ಜಾರ್ಜಿಯಾದ ಸೇನೆ ದಕ್ಷಿಣ ಒಸೆಟಿಯಾದ ಮುಖ್ಯ ಪಟ್ಟಣ ತ್ಸ್ಖಿನ್ವಾಲಿಯ ಮೇಲೆ ಫಿರಂಗಿ ಮತ್ತು ಬಹುನಳಿಕೆಯ ರಾಕೆಟ್‌ಗಳ ಸುರಿಮಳೆಗೈದಿತು. ಮರುದಿನ ಬೀಜಿಂಗ್ ಒಲಿಂಪಿಕ್ಸ್ ಉದ್ಘಾಟನೆ. ಬುಷ್ ಮತ್ತು ಪುಟಿನ್ ಇಬ್ಬರೂ ಅಲ್ಲಿದ್ದರು. ರಷ್ಯಾದ 58ನೆಯ ಸೇನೆಯ ಟ್ಯಾಂಕುಗಳು ಪರ್ವತದ ಕೆಳಗಿನ ರೋಕಿ ಸುರಂಗದ ಮೂಲಕ ಸಾಲುಗಟ್ಟಿ ಬಂದವು. ಉತ್ತರದಿಂದ ದಕ್ಷಿಣ ಒಸೆಟಿಯಾಕ್ಕೆ ಇರುವ ಪ್ರಮುಖ ಮೋಟಾರು ದಾರಿ ಅದೊಂದೇ. ಆ ಸುರಂಗವನ್ನು ತಡೆಯಲಾಗದ ಜಾರ್ಜಿಯಾ ಯುದ್ಧವನ್ನು ಮೊದಲ ಎರಡು ದಿನಗಳಲ್ಲೇ ಸೋತಿತ್ತು.

ರಷ್ಯಾ ಅಲ್ಲಿಗೆ ನಿಲ್ಲಲಿಲ್ಲ. ಅಬ್ಖಾಜಿಯಾದ ಕಡೆಯಿಂದ ಎರಡನೆಯ ರಂಗ ತೆರೆಯಿತು. ಪೋತಿ ಬಂದರು, ಸೆನಾಕಿ ಸೇನಾನೆಲೆ, ಗೋರಿ ಪಟ್ಟಣಗಳಿಗೆ ನುಗ್ಗಿತು. ಇರಾಕಿನಲ್ಲಿ ಅಮೆರಿಕದ ಜೊತೆ ಹೋರಾಡುತ್ತಿದ್ದ ಸುಮಾರು 2,000 ಜಾರ್ಜಿಯನ್ ಸೈನಿಕರನ್ನು ಅಮೆರಿಕ ತನ್ನ ವಿಮಾನಗಳಲ್ಲಿ ತಂದು ಇಳಿಸಿತು. ಯುದ್ಧನೌಕೆಯಲ್ಲಿ ಪರಿಹಾರ ಸಾಮಗ್ರಿ ಕಳಿಸಿತು. ಅದಕ್ಕಿಂತ ಮುಂದೆ ಹೆಜ್ಜೆಯಿಡಲಿಲ್ಲ. ಅಣ್ವಸ್ತ್ರಗಳಿರುವ ದೇಶದೊಡನೆ ನೇರ ಕಾಳಗಕ್ಕೆ ಇಳಿಯದಿದ್ದದ್ದು ಸರಿಯಾದ ನಿರ್ಧಾರವೇ. ಈ ಮಿತಿಯನ್ನು ಮೊದಲೇ ಸ್ಪಷ್ಟವಾಗಿ ಹೇಳಿದ್ದರೆ ಟ್ಬಿಲಿಸಿ ಆ ರಾತ್ರಿ ಆ ಸಾಹಸಕ್ಕೆ ಕೈಹಾಕುತ್ತಿರಲಿಲ್ಲವೇನೋ.

ಯುರೋಪಿಯನ್ ಒಕ್ಕೂಟದ ಅಧ್ಯಕ್ಷತೆ ಆಗ ಫ್ರಾನ್ಸಿನದು. ಸಾರ್ಕೋಝಿ ಆಗಸ್ಟ್ 12ರಂದು ಮಾಸ್ಕೋದಲ್ಲಿ ಅಷ್ಟರಲ್ಲಿ ರಷ್ಯಾದ ಅಧ್ಯಕ್ಷರಾಗಿದ್ದ ದ್ಮಿತ್ರಿ ಮೆಡ್ವೆಡೆವ್ ಅವರೊಂದಿಗೆ ಆರು ಅಂಶಗಳ ಕದನವಿರಾಮ ಕುದುರಿಸಿದರು. ಆಗಸ್ಟ್ 26ರಂದು ರಷ್ಯಾ ಎರಡೂ ಪ್ರದೇಶಗಳನ್ನು ಸ್ವತಂತ್ರ ದೇಶಗಳೆಂದು ಮಾನ್ಯ ಮಾಡಿತು. ನಿಕರಾಗುವಾ, ವೆನೆಜುವೆಲಾ, ನೌರು, 2018ರಲ್ಲಿ ಸಿರಿಯಾ ಅದರ ಹಿಂದೆ ನಡೆದವು. ವನುವಾಟು ಮತ್ತು ಟುವಾಲು ಮಾನ್ಯತೆ ಕೊಟ್ಟು ಹಿಂದೆಗೆದವು.

ಯಾರು ಹೊಣೆ?

ಸ್ವಿಟ್ಜರ್ಲೆಂಡಿನ ರಾಜತಾಂತ್ರಿಕರಾದ ಹೈಡಿ ಟಾಗ್ಲಿಯಾವಿನಿ ನೇತೃತ್ವದ ಯುರೋಪಿಯನ್ ಒಕ್ಕೂಟದ ತನಿಖಾ ಸಮಿತಿ 2009ರ ಸೆಪ್ಟೆಂಬರ್‌ನಲ್ಲಿ ವರದಿ ಕೊಟ್ಟಿತು. ಈ ವಿಷಯದಲ್ಲಿ ಓದಲೇಬೇಕಾದ ಒಂದು ದಾಖಲೆ ಇದ್ದರೆ ಅದು ಇದೇ. ತ್ಸ್ಖಿನ್ವಾಲಿಯ ಮೇಲಿನ ದಾಳಿಗೆ ಅಂತಾರಾಷ್ಟ್ರೀಯ ಕಾನೂನಿನಲ್ಲಿ ಸಮರ್ಥನೆಯಿಲ್ಲ ಎಂದಿತು ವರದಿ. ತನ್ನ ಶಾಂತಿಪಾಲಕರನ್ನು ರಕ್ಷಿಸಲು ರಷ್ಯಾಕ್ಕಿದ್ದ ಹಕ್ಕನ್ನು ಒಪ್ಪಿದರೂ, ಜಾರ್ಜಿಯಾದ ಒಳನಾಡಿಗೆ ನುಗ್ಗಿದ್ದು ರಕ್ಷಣೆಯ ಎಲ್ಲೆಯನ್ನು ಬಹುವಾಗಿ ಮೀರಿತ್ತು ಎಂದಿತು. ಜಾರ್ಜಿಯಾ ನರಮೇಧ ಮಾಡಿತೆಂಬ ರಷ್ಯಾದ ಆರೋಪಕ್ಕೆ ಪುರಾವೆಯಿಲ್ಲ, ದಕ್ಷಿಣ ಒಸೆಟಿಯಾದಲ್ಲಿ ಜಾರ್ಜಿಯನ್ನರ ಜನಾಂಗೀಯ ನಿರ್ಮೂಲನ ನಡೆದದ್ದಕ್ಕೆ ಪುರಾವೆಯಿದೆ ಎಂದೂ ಹೇಳಿತು. ತ್ಸ್ಖಿನ್ವಾಲಿಯಲ್ಲಿ 2,000 ಜನ ಸತ್ತರೆಂದು ಯುದ್ಧದ ದಿನಗಳಲ್ಲಿ ಪ್ರಚಾರವಾಗಿತ್ತು. ರಷ್ಯಾದ ತನಿಖಾಧಿಕಾರಿಗಳೇ ಬಳಿಕ ದಕ್ಷಿಣ ಒಸೆಟಿಯಾದ ನಾಗರಿಕರ ಸಾವಿನ ಸಂಖ್ಯೆಯನ್ನು 162ಕ್ಕೆ ಇಳಿಸಿದರು. ಎಲ್ಲ ಕಡೆಯವರೂ ಸೇರಿ ಸತ್ತವರು ಸುಮಾರು 850. ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟರು.

2021ರ ಜನವರಿಯಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ, ಆಗಸ್ಟ್ 12ರ ನಂತರ ಈ ಪ್ರದೇಶಗಳು ರಷ್ಯಾದ ಪರಿಣಾಮಕಾರಿ ನಿಯಂತ್ರಣದಲ್ಲಿದ್ದವು, ಅಲ್ಲಿ ನಡೆದ ಮನೆ ಸುಡುವಿಕೆ, ಕೊಲೆಗಳಿಗೆ ಅದೇ ಹೊಣೆ ಎಂದು ತೀರ್ಪಿತ್ತಿತು. ಕಾಳಗ ನಡೆದ ಐದು ದಿನಗಳ ಬಗ್ಗೆ ಮಾತ್ರ ತನಗೆ ಅಧಿಕಾರವ್ಯಾಪ್ತಿಯಿಲ್ಲ ಎಂದಿತು. ಬಾಂಬಿಗೆ ಬಲಿಯಾದವರ ಕುಟುಂಬಗಳಿಗೆ ಆ ನ್ಯಾಯಾಲಯದಲ್ಲಿ ನ್ಯಾಯ ಸಿಗದೆ ಹೋದದ್ದು ಹೀಗೆ.

ತಂತಿ ಮತ್ತು ಅಣೆಕಟ್ಟು

2009ರ ಜೂನ್‌ನಲ್ಲಿ ರಷ್ಯಾದ ವೀಟೋ ವಿಶ್ವಸಂಸ್ಥೆಯ ವೀಕ್ಷಕರನ್ನು ಅಬ್ಖಾಜಿಯಾದಿಂದ ಹೊರಡಿಸಿತು. ಉಳಿದದ್ದು ಯುರೋಪಿಯನ್ ಒಕ್ಕೂಟದ ವೀಕ್ಷಣಾ ತಂಡ ಮಾತ್ರ. ಅದಕ್ಕೂ ಗೆರೆಯ ಆಚೆ ಪ್ರವೇಶವಿಲ್ಲ. ಅವರು ಬೆಟ್ಟದ ಮೇಲೆ ನಿಂತು ದುರ್ಬೀನಿನಿಂದ ನೋಡಿ ಬರೆದುಕೊಳ್ಳುತ್ತಾರೆ. ರಷ್ಯಾದ ಗಡಿ ಕಾವಲುಗಾರರು ದಕ್ಷಿಣ ಒಸೆಟಿಯಾದ ಸುತ್ತ ಮುಳ್ಳುತಂತಿ, ಹಸಿರು ಫಲಕ, ಕಂದಕಗಳಿಂದ ಗೆರೆಯನ್ನು ಗಟ್ಟಿ ಮಾಡುತ್ತ ಬಂದಿದ್ದಾರೆ. ಖುರ್ವಾಲೇತಿ ಎಂಬ ಹಳ್ಳಿಯಲ್ಲಿ 2013ರಲ್ಲಿ ಹೀಗೆ ಎಳೆದ ತಂತಿ ಒಬ್ಬ ವೃದ್ಧರ ಮನೆಯನ್ನು ಅವರದೇ ಊರಿನಿಂದ ಬೇರ್ಪಡಿಸಿತು. ಮನೆ ಬಿಟ್ಟು ಬರಲು ಅವರು ಒಪ್ಪಲಿಲ್ಲ. ನೆರೆಯವರು ಬ್ರೆಡ್ಡನ್ನೂ ಔಷಧಿಯನ್ನೂ ತಂತಿಯ ಸಂದಿಯಲ್ಲಿ ದಾಟಿಸುತ್ತಿದ್ದರು. ಸಾಯುವವರೆಗೆ ಅವರು ಅಲ್ಲೇ ಇದ್ದರು. 2015ರ ಜುಲೈನಲ್ಲಿ ಒರ್ಚೋಸಾನಿ ಬಳಿ ಗಡಿಫಲಕವನ್ನು ಮುಂದಕ್ಕೆ ನೆಟ್ಟಾಗ ಬಾಕು–ಸುಪ್ಸಾ ಎಣ್ಣೆ ಕೊಳವೆಯ ಸುಮಾರು 1.6 ಕಿ.ಮೀ. ಭಾಗ ಆಚೆಗೆ ಸೇರಿತು. ಗೆರೆ ದಾಟಿದ ರೈತರನ್ನು ಹಿಡಿದು ತ್ಸ್ಖಿನ್ವಾಲಿಯ ಸೆರೆಮನೆಗೆ ಹಾಕುವುದು ಈ ಭಾಗದ ನಿತ್ಯದ ಸುದ್ದಿಯಾಗಿದೆ.

ಎಂಗುರಿ ನದಿಯ ಕಥೆ ಬೇರೆ. 271.5 ಮೀಟರ್ ಎತ್ತರದ ಕಮಾನು ಅಣೆಕಟ್ಟು ಜಾರ್ಜಿಯಾದ ಕೈಯಲ್ಲಿದೆ. ನೀರು ಸುರಂಗದಲ್ಲಿ ಹರಿದು ಬೀಳುವ ವಿದ್ಯುತ್ ಸ್ಥಾವರ ಅಬ್ಖಾಜಿಯಾದ ಗಾಲಿ ಜಿಲ್ಲೆಯಲ್ಲಿದೆ. ಒಬ್ಬರು ನೀರು ನಿಲ್ಲಿಸಿದರೆ ಇನ್ನೊಬ್ಬರ ಚಕ್ರ ತಿರುಗದು. ಇನ್ನೊಬ್ಬರು ಚಕ್ರ ನಿಲ್ಲಿಸಿದರೆ ಇವರಿಗೆ ಕತ್ತಲು. ಯುದ್ಧವಾದ ಮೇಲೂ, 2008ರ ನಂತರವೂ, ಎರಡೂ ಕಡೆಯ ಎಂಜಿನಿಯರುಗಳು ಇದನ್ನು ಒಟ್ಟಿಗೆ ನಡೆಸಿಕೊಂಡು ಬಂದಿದ್ದಾರೆ. ವಿದ್ಯುತ್ತನ್ನು 60ಕ್ಕೆ 40ರಂತೆ ಹಂಚಿಕೊಳ್ಳುವ ಬಾಯಿಮಾತಿನ ಒಪ್ಪಂದ ಮಾಸ್ಕೋ, ಬ್ರಸೆಲ್ಸ್‌ಗಳಲ್ಲಿ ಸಹಿಯಾದ ಎಷ್ಟೋ ಕಾಗದಗಳಿಗಿಂತ ಹೆಚ್ಚು ಕಾಲ ಬಾಳಿದೆ. ಈ ಜನಾಂಗಗಳು ಕೂಡಿ ಬಾಳಲಾರವೆಂಬ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರ ಬೇಕಿಲ್ಲ.

ಬದಲಾದ ಸಮೀಕರಣ

ಯುದ್ಧ ಮುಗಿದು ಏಳು ತಿಂಗಳೊಳಗೆ, 2009ರ ಮಾರ್ಚ್‌ನಲ್ಲಿ, ಅಮೆರಿಕ ರಷ್ಯಾದೊಂದಿಗೆ ಸಂಬಂಧ ಸುಧಾರಣೆಗೆ ಕೈಚಾಚಿತು. ಆಕ್ರಮಣಕ್ಕೆ ಬೆಲೆ ತೆರಬೇಕಾಗಿಲ್ಲ ಎಂಬ ಪಾಠವನ್ನು ಮಾಸ್ಕೋ ಇದರಿಂದ ಕಲಿಯಿತೆನ್ನುವವರ ಮಾತನ್ನು 2014ರಲ್ಲಿ ಕ್ರಿಮಿಯಾದ ಸ್ವಾಧೀನ ಗಟ್ಟಿ ಮಾಡಿತು. ಜಾರ್ಜಿಯಾ 2014ರಲ್ಲಿ ಯುರೋಪಿಯನ್ ಒಕ್ಕೂಟದೊಂದಿಗೆ ಸಹಯೋಗ ಒಪ್ಪಂದಕ್ಕೆ ಸಹಿ ಹಾಕಿತು, 2023ರ ಡಿಸೆಂಬರ್‌ನಲ್ಲಿ ಅಭ್ಯರ್ಥಿ ಸ್ಥಾನ ಪಡೆಯಿತು. ಆದರೆ ಬಿಡ್ಜಿನಾ ಇವಾನಿಶ್ವಿಲಿ ಸ್ಥಾಪಿಸಿದ ಆಳುವ ಪಕ್ಷ ‘ಜಾರ್ಜಿಯನ್ ಡ್ರೀಮ್’ 2024ರಲ್ಲಿ ವಿದೇಶಿ ನೆರವು ಪಡೆಯುವ ಸಂಸ್ಥೆಗಳ ಮೇಲೆ ಕಠಿಣ ಕಾನೂನು ತಂದಿತು. ವಿವಾದಿತ ಚುನಾವಣೆಯ ನಂತರ ನವೆಂಬರ್ 28ರಂದು ಪ್ರಧಾನಿ ಇರಾಕ್ಲಿ ಕೊಬಾಖಿಡ್ಜೆ ಸದಸ್ಯತ್ವದ ಮಾತುಕತೆಯನ್ನು 2028ರ ಕೊನೆಯವರೆಗೆ ಮುಂದೂಡಿದರು. ಟ್ಬಿಲಿಸಿಯ ರುಸ್ತಾವೆಲಿ ಬೀದಿಯಲ್ಲಿ ಜನ ರಾತ್ರಿರಾತ್ರಿ ಸೇರಿ ಪ್ರತಿಭಟಿಸಿದರು.

ಅದೇ ನವೆಂಬರ್‌ನಲ್ಲಿ ಸುಖುಮಿಯಲ್ಲೂ ಜನ ಬೀದಿಗಿಳಿದರು. ರಷ್ಯಾದ ಹೂಡಿಕೆದಾರರಿಗೆ ವಿಶೇಷ ಸವಲತ್ತು ಕೊಡುವ ಒಪ್ಪಂದವನ್ನು ವಿರೋಧಿಸಿ ಸಂಸತ್ ಭವನಕ್ಕೆ ನುಗ್ಗಿದರು. ಅಲ್ಲಿನ ನಾಯಕ ಅಸ್ಲಾನ್ ಬ್ಝಾನಿಯಾ ರಾಜೀನಾಮೆ ಕೊಡಬೇಕಾಯಿತು. ರಷ್ಯಾದ ಹಣದಿಂದಲೇ ನಡೆಯುವ ನಾಡಿನಲ್ಲಿ ತಮ್ಮ ನೆಲ ಕೈತಪ್ಪುವುದೆಂಬ ಹಳೆಯ ಭಯ ಈಗ ಹೊಸ ದಿಕ್ಕಿಗೆ ತಿರುಗಿದೆ. ಪೈಪೋಟಿಯನ್ನು ಮಾಸ್ಕೋ ಮತ್ತು ಪಶ್ಚಿಮದ ನಡುವಿನ ಚದುರಂಗವೆಂದಷ್ಟೇ ವಿವರಿಸುವ ಬರಹಗಳಲ್ಲಿ ಈ ಜನರಿಗೆ ಜಾಗವೇ ಸಿಗುವುದಿಲ್ಲ. ಅದು ದೊಡ್ಡ ಕೊರತೆ.

ರಷ್ಯಾ, ಜಾರ್ಜಿಯಾ, ಅಮೆರಿಕ ಮತ್ತು ಎರಡೂ ಪ್ರದೇಶಗಳ ಪ್ರತಿನಿಧಿಗಳು 2008ರ ಅಕ್ಟೋಬರ್‌ನಿಂದ ಜಿನೀವಾದಲ್ಲಿ ಮತ್ತೆ ಮತ್ತೆ ಸೇರುತ್ತ ಬಂದಿದ್ದಾರೆ. ನಿರಾಶ್ರಿತರ ಮರಳುವಿಕೆಯ ಮಾತು ಬಂದಾಗಲೆಲ್ಲ ಅಬ್ಖಾಜಿಯಾ, ದಕ್ಷಿಣ ಒಸೆಟಿಯಾ, ರಷ್ಯಾದ ಪ್ರತಿನಿಧಿಗಳು ಎದ್ದು ಹೋಗುವುದು ರೂಢಿಯಾಗಿದೆ. ಸಾರ್ಕೋಝಿ ಮತ್ತು ಮೆಡ್ವೆಡೆವ್ ಒಪ್ಪಿದ ಕದನವಿರಾಮದ ಐದನೆಯ ಅಂಶ, ರಷ್ಯಾದ ಪಡೆಗಳು ಯುದ್ಧಕ್ಕೆ ಮುಂಚೆ ಇದ್ದ ಜಾಗಕ್ಕೆ ಹಿಂದಿರುಗಬೇಕೆಂಬುದು, ಇಂದಿಗೂ ಜಾರಿಯಾಗಿಲ್ಲ.